ಹಿಟ್ನಾಳ ಕ್ರಾಸಿನ ಆಚೆ

ಇವತ್ತು ಬೆಳಿಗ್ಗೆ ಸ್ಕೂಟರಿನ ಹೊದಿಕೆ ತೆಗೆದೆ. ಪೆಟ್ರೋಲಿನ ಜೊತೆಗೆ ಹಳೆಯ ಬಿಸಿಲಿನಂಥ ಒಂದು ವಾಸನೆ ಬಂತು. ವಿಮಾನ ಇಳಿಯುವ ಬಯಲಿನಲ್ಲಿ, ಗಾಳಿ ನೋಡಲು ಕಂಬಕ್ಕೆ ಕಟ್ಟಿದ ಉದ್ದನೆಯ ಬಟ್ಟೆಯ ಚೀಲ ಇರುತ್ತದಲ್ಲ, ಆ ಹೊದಿಕೆ ಅದರದ್ದು. ಬಣ್ಣ ಮಾಸಿದ ಮೇಲೆ ನಮ್ಮವರು ಮನೆಗೆ ತಂದರು, ನಾನು ಬಿಚ್ಚಿ ಹೊಲಿದೆ. ಹೊಲಿಗೆ ಸೊಟ್ಟ. ಸ್ಕೂಟರಿಗೆ ಯಾರೋ ದೊಗಲೆ ಅಂಗಿ ತೊಡಿಸಿದಂತೆ ಕಾಣುತ್ತದೆ.

ನಮ್ಮವರು ಕೊಪ್ಪಳದ ಹೊರಗೆ ಒಂದು ಸಣ್ಣ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಆಕಾಶದಲ್ಲಲ್ಲ, ಪಡಸಾಲೆಯಲ್ಲಿ, ಚಹಾ ಕುಡಿಯುತ್ತ. ವಿಮಾನ ಅಂದ ಕೂಡಲೇ ಜನ ಬೇರೆಯದನ್ನೇ ಊಹಿಸುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಕಲಿಯುವವರು ಮೊದಲ ಸಲ ಒಬ್ಬರೇ ಹಾರಿ ಇಳಿದಾಗ ತಲೆಯ ಮೇಲೆ ಕೊಡ ನೀರು ಸುರಿಯುವುದು ಅಲ್ಲಿನ ಪದ್ಧತಿ. ನೀರು ಬಿದ್ದ ಮೇಲೆ ಆಕಾಶವೆಲ್ಲ ತಮ್ಮದೇ ಅನ್ನಿಸಿಬಿಡುತ್ತದೆ. ನಮ್ಮವರು ಆಗ, ಇಷ್ಟೇ ದೂರ ಎಂದು ಗೆರೆ ಹಾಕುತ್ತಿದ್ದರು. ಒಬ್ಬರಿಗೆ ಬಯಲಿನ ಸುತ್ತ ಮಾತ್ರ, ಇನ್ನೊಬ್ಬರಿಗೆ ರೈಲು ಹಳಿಯ ತನಕ. ಗಾಳಿ ಜೋರಾಗಿ ಗಾಳಿಚೀಲ ನೆಟ್ಟಗೆ ನಿಂತಿತೆಂದರೆ ಯಾರೂ ಒಬ್ಬರೇ ಏಳುವಂತಿಲ್ಲ.

ಬೇವೂರಿನ ಸುಮಂಗಲಾ ಎಂಬ ಹುಡುಗಿಗೆ ಹಳಿಯೇ ಗೆರೆಯಾಗಿದ್ದ ದಿನಗಳು. ಹಳಿ ದಾಟಿ ಇನ್ನಷ್ಟು ಹಾರಿದರೆ ಅವಳ ಊರು. ಅವಳ ಅಜ್ಜ, ಎಲ್ಲರಿಗೂ ಅವನು ಮುತ್ಯಾನೇ, ಮೊಮ್ಮಗಳು ಒಬ್ಬಳೇ ಹಾರುತ್ತಾಳೆಂದು ಕೇಳಿ ಕೋಲಿಗೆ ಕೆಂಪು ರುಮಾಲು ಕಟ್ಟಿ, ಓಣಿಯವರನ್ನೆಲ್ಲ ಹೊಲದಲ್ಲಿ ನಿಲ್ಲಿಸಿದ್ದ. ವಿಮಾನ ಬರಲಿಲ್ಲ. ಮರುದಿನ ಅವಳನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದ.

“ಇಡೀ ಓಣಿ ಕುತ್ತಿಗಿ ಮ್ಯಾಲೆತ್ತಿ ನಿಂತಿತ್ರಿ ಸರ. ಈಗ ಮಂದಿ ನನ್ನ ನೋಡಿ, ಮುತ್ಯಾ, ನಿನ್ನ ಹಕ್ಕಿ ಎಲ್ಲಿ ಕುಂತೈತಿ ಅಂತಾರ.”

“ಹಳಿ ದಾಟಬ್ಯಾಡ ಅಂದಿದ್ರು, ಮುತ್ಯಾ. ನಮ್ಮೂರ ಕಡಿ ನೋಡಿದ್ನಿ, ತಿರುಗಿ ಬಂದ್ನಿ,” ಎಂದಳು ಸುಮಂಗಲಾ.

“ಅಷ್ಟು ಮ್ಯಾಲ ಯಾರವ್ವ ನಿನ್ನ ನೋಡ್ತಾರ?”

“ಯಾರೂ ನೋಡಂಗಿಲ್ಲ. ಅದಕ್ಕ ಹೇಳಿದ್ದು,” ಎಂದರು ಇವರು.

ಮುತ್ಯಾ ಬಸಿಯಲ್ಲಿ ಚಹಾ ಆರಿಸಿದ. “ನಮ್ಮ ಹೋರಿಗೂ ಇದಕ್ಕಿಂತ ಉದ್ದ ಹಗ್ಗ ಬಿಡ್ತೀವ್ರಿ.”

“ಹೋರಿ ತಪ್ಪಿದ್ರ ಹೊಲದಾಗ ಸಿಗತೈತ್ರಿ ಯಜಮಾನ್ರ. ನಾನೂ ಮೊಳ ಮೊಳ ಬಿಡ್ತೀನಿ. ಬೇವೂರು ಮುಟ್ಟೇ ಮುಟ್ಟತಾಳ.”

ಮುಟ್ಟಿದಳು. ಅಪ್ಪಣೆ ಸಿಕ್ಕ ದಿನ ಬೇವೂರಿನ ಮೇಲೆ ಎರಡು ಸುತ್ತು ಹಾಕಿದಳು. ಆ ಹೊತ್ತಿಗೆ ಮುತ್ಯಾ ಉಂಡು ಮಲಗಿದ್ದನಂತೆ.

ನನಗೆ ಸ್ಕೂಟರು ಕಲಿಸಿದವರೂ ಇವರೇ. ನಾನು ಬ್ರೇಕು ಹಿಡಿಯುವ ಬದಲು “ಯವ್ವಾ” ಎಂದು ಕೂಗುತ್ತಿದ್ದ ಕಾಲವದು. ನನಗೂ ಗೆರೆ ಬಿತ್ತು, ಹಿಟ್ನಾಳ ಕ್ರಾಸಿನ ತನಕ. ಗಂಗಾವತಿಯ ಅಕ್ಕನ ಮನೆ ಅಲ್ಲಿಂದ ಮುಂದೆ.

“ನಾನೇನು ವಿಮಾನ ಹಾರಸ್ತೀನೇನ್ರಿ?”

“ವಿಮಾನಕ್ಕ ಎದುರಿಗೆ ಲಾರಿ ಬರಂಗಿಲ್ಲ. ಮಳಿಗಾಲ ಮುಗೀಲಿ, ಒಬ್ಬಾಕಿನ ಹೋಗಿ ಬಾ ಅಂತೀನಿ.”

ಮಳೆಗಾಲ ಮುಗಿಯಿತು. ಹೇಳುವವರು ಇರಲಿಲ್ಲ.

ಬಸ್ಸಿದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಎಷ್ಟೋ ಸಂಜೆ ಸ್ಕೂಟರಿನಲ್ಲಿ ಕ್ರಾಸಿನವರೆಗೆ ಹೋದೆ, ಗಂಗಾವತಿಯ ರಸ್ತೆ ನೋಡಿದೆ, ತಿರುಗಿ ಬಂದೆ. “ಹೋದವರ ಮಾತು ಹಿಡಕೊಂಡು ಎಷ್ಟು ದಿನ ಕ್ರಾಸಿಗೆ ನಿಂದರತಿ?” ಎಂದು ಅಕ್ಕ ಫೋನಿನಲ್ಲಿ ಬೈದಳು. ಆ ಗೆರೆ ದಾಟಿದರೆ ಇವರು ನನಗೆ ಹೇಳಿದ ಕೊನೆಯ ಮಾತೂ ಮುಗಿದುಹೋಗುತ್ತದೆ ಅನ್ನಿಸುತ್ತಿತ್ತು.

ಸುಮಂಗಲಾ ಈಗ ಅದೇ ಶಾಲೆಯಲ್ಲಿ ಕಲಿಸುತ್ತಾಳೆ. ಮೊನ್ನೆ ಮನೆಗೆ ಬಂದಾಗ ಈ ಮಾತೆಲ್ಲ ಹೇಳಿದೆ. ನಗಲಿಲ್ಲ. “ಗಾಡಿ ತಗೀರಿ ಅಕ್ಕಾರ,” ಎಂದು ಹಿಂದೆ ಕುಳಿತಳು. ಸಂತೆಯ ಗದ್ದಲದಲ್ಲಿ, ಲಾರಿಗಳ ನಡುವೆ ಓಡಿಸಿಕೊಂಡು ಬರಲು ಹೇಳಿದಳು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಇವರೂ ಹಾಗೆಯೇ, ಪರೀಕ್ಷಿಸುವಾಗ ಮೂಕ. ಇಳಿದ ಮೇಲೆ ಹೇಳಿದಳು: “ಗಂಗಾವತಿ ಮಟಾ ಬಿಟ್ಟೀನ್ರಿ. ಗಾಳಿ ಎದ್ರ ನಿಲ್ರಿ. ಕತ್ತಲಾಗೂದ್ರಾಗ ಮನಿ ಸೇರ್ರಿ.”

ಅದಕ್ಕೇ ಇವತ್ತು ಹೊದಿಕೆ ತೆಗೆದದ್ದು. ಹಿಟ್ನಾಳ ಕ್ರಾಸಿನಲ್ಲಿ ಕೈ ತಾನಾಗಿ ಹಿಂದಕ್ಕೆ ತಿರುಗಿಸಹೊರಟಿತು. ಗದರಿಸಿ ಮುಂದೆ ಹೋದೆ. ಆಚೆಯ ರಸ್ತೆಯಲ್ಲಿ ಏನೂ ಮುಗಿಯಲಿಲ್ಲ. ಲಾರಿ ಎದುರಾದಾಗಲೆಲ್ಲ “ಬದಿಗೆ, ಬದಿಗೆ” ಎಂಬ ಇವರ ಧ್ವನಿ ಬೆನ್ನ ಹಿಂದೆಯೇ ಇತ್ತು. ಅಕ್ಕ ಬಾಗಿಲಲ್ಲಿ ನನ್ನನ್ನು ನೋಡಿ ಮೊದಲು ಅತ್ತಳು, ಆಮೇಲೆ ತಡವಾಯಿತೆಂದು ಬೈದಳು.

ಹೊತ್ತು ಮುಳುಗುವ ಮೊದಲೇ ಬಂದೆ. ಗೇಟಿನ ಬಳಿ ಸುಮಂಗಲಾ ನಿಂತಿದ್ದಳು, ಕೈ ಹಿಂದೆ. ನಾನು ಸ್ಕೂಟರು ನಿಲ್ಲಿಸಿದ್ದೇ ತಡ, ಕೊಡದ ನೀರು ನೆತ್ತಿಯ ಮೇಲೆ ಬಿತ್ತು. ತಲೆ ಒರೆಸಿಕೊಳ್ಳಲು ಹತ್ತಿರ ಇದ್ದದ್ದು ಆ ಹಳೆಯ ಗಾಳಿಚೀಲವೊಂದೇ.

“ನವಲಿಗೆ ಯಾವಾಗ ಬಿಡ್ತೀ?” ಕೇಳಿದೆ. ನವಲಿ ನನ್ನ ತವರು, ಗಂಗಾವತಿಯಿಂದಲೂ ಆಚೆ.

“ನೋಡೂಣು ತಡೀರಿ ಅಕ್ಕಾರ,” ಎಂದಳು. “ಮೊಳ ಮೊಳ.”