ಹಾಲಸಿದ್ದಪ್ಪ ಮೇಷ್ಟ್ರ ಗೋಡೆ ಮತ್ತು ಒಂದು ಬಳೆ

ಕುರುಗೋಡಿನಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಸಿರುಗುಪ್ಪದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ ಹಾಲಸಿದ್ದಪ್ಪನಿಗೆ ಯಾರಾದರೂ ‘ಆಗೋದಿಲ್ಲ’ ಅಂದರೆ ಸಾಕು, ಕಿವಿ ಕೆಂಪಾಗುತ್ತಿತ್ತು. 1951ರಲ್ಲಿ ಎರಡು ತಿಂಗಳು ಏಣಿ ಮೇಲೆ ನಿಂತು ಶಾಲೆಯ ಗೋಡೆ ತುಂಬ ಪ್ರಪಂಚದ ನಕ್ಷೆ ಬರೆದ. ನಟ್ಟನಡುವೆ ಯಾವ ಊರು ಗೊತ್ತೆ? ಕುರುಗೋಡು! ಲಂಡನ್ನು ಎಲ್ಲೋ ಒಂದು ಮೂಲೆಯಲ್ಲಿ, ಅದರ ಸುತ್ತ ಐನೂರು ಮೈಲಿಯ ಗುಂಡನೆಯ ಗೆರೆ.

ತಪಾಸಣೆಗೆ ಬಂದ ಇನ್ಸ್‌ಪೆಕ್ಟರಿಗೆ ಮೈ ಉರಿಯಿತು. “ಏನಯ್ಯಾ, ಉಂಡೆಯಂಥ ಭೂಮೀನ ಚಪ್ಪಟೆ ಮಾಡಿದ ಮೇಲೆ ಗೆರೆ ಹೇಗೆ ಗುಂಡಗಿರುತ್ತೆ? ಮೊಟ್ಟೆ ಆಕಾರ ಆಗಬೇಕು. ಸುಣ್ಣ ಹೊಡೆಸು!”

“ಹೊಡಸ್ತೀನ್ರಿ. ಮೊದ್ಲು ತಪ್ಪು ಅಂತ ತೋರಸ್ರಿ.”

“ಸರಿ ಅಂತ ನೀನೇ ತೋರಿಸು. ಮಧ್ಯಾಹ್ನದ ಬಸ್ಸಿನವರೆಗೂ ಟೈಮು.”

ಹಾಲಸಿದ್ದಪ್ಪ ಮನೆಗೆ ಓಡಿದ. ಅಟ್ಟದಿಂದ ಚೆಂಡಿನಂಥ ಬಿದಿರಿನ ಆಕಾಶಬುಟ್ಟಿ ಇಳಿಸಿದ. ಹೆಂಡತಿ ಗುರುಬಸಮ್ಮ ಕೈಯಿಂದ ಒಂದು ಬಳೆ ತೆಗೆದುಕೊಟ್ಟು, “ಒಡದ್ರ ಡಜನ್ ತರಬೇಕಾಗತೈತಿ ನೋಡ್ರಿ,” ಎಂದು ಬೆನ್ನಿಗೇ ಬಂದಳು.

ಶಾಲೆಯ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ಬಿಳಿ ಕಾಗದದ ಮೇಲೆ ಭೂಮಿಯ ಬದಲು ಬುಟ್ಟಿ, ಬುಟ್ಟಿಯ ಮಗ್ಗುಲಿಗೆ ತುಸು ಕೆಳಗೆ ಲಂಡನ್ನಿನ ಗೆರೆಯ ಬದಲು ಕಟ್ಟಿದ ಬಳೆ, ಒಳಗೆ ಟಾರ್ಚಿನ ಬಲ್ಬು. ಕಾಗದದ ಮೇಲೆ ಬಳೆಯ ನೆರಳು ಬಿತ್ತು. ಅಯ್ಯೋ, ಉದ್ದುದ್ದ!

“ಮೇಷ್ಟ್ರು ಮೊಟ್ಟೆ ಇಟ್ಟರಪ್ಪಾ!” ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. ಹೊರಗೆ ಸುಣ್ಣ ಕಲಸುವ ಸದ್ದು. ಹಾಲಸಿದ್ದಪ್ಪ ಬಳೆಯನ್ನು ಬಿಗಿಯಾಗಿ ಕಟ್ಟಿ ಮತ್ತೆ ನೋಡಿದ; ನೆರಳು ಹಾಗೇ ಇತ್ತು.

ಬಾಗಿಲಲ್ಲಿ ನಿಂತ ಗುರುಬಸಮ್ಮ, “ದೀಪಾವಳಿ ಬಂತೇನ್ರೀ? ದೀಪ ನಡುವ ಕಟ್ಟೀರಲ್ಲ!” ಎಂದಳು.

ಹೌದಲ್ಲ! ವರ್ಷಾವರ್ಷ ಬುಟ್ಟಿಯ ನಡುವೆ ದೀಪ ಕಟ್ಟಿದ ಕೈ, ಇವತ್ತೂ ಅಲ್ಲೇ ಕಟ್ಟಿತ್ತು. ನಕ್ಷೆಯ ಲೆಕ್ಕದಲ್ಲಿ ದೀಪ ಇರಬೇಕಾದದ್ದು ನೆತ್ತಿಯಲ್ಲಿ, ಕಾಗದ ಮುಟ್ಟುವ ಕುರುಗೋಡಿಗೆ ಸರಿ ಎದುರು ತುದಿಯಲ್ಲಿ. ಬಲ್ಬನ್ನು ಮೇಲೆತ್ತಿದ. ನೆರಳು ಸರಿಯಿತು, ಕುಗ್ಗಿತು, ಗುಂಡಗಾಯಿತು!

ಅಷ್ಟಕ್ಕೇ ಬಿಟ್ಟನೆ? ದಾರ ಹಿಡಿದು ಅಳೆದ. ಬಲ್ಬಿನಿಂದ ಬಳೆಯ ಒಂದು ಅಂಚಿಗೆ ಎಷ್ಟು, ಆ ಅಂಚಿನ ನೆರಳಿಗೆ ಎಷ್ಟು, ಎರಡನ್ನೂ ಗುಣಿಸಿದ. ಇನ್ನೊಂದು ಅಂಚು ಹಿಡಿದು ಗುಣಿಸಿದ. ಅದೇ ಉತ್ತರ!

“ದೀಪದ ಹತ್ರ ಇದ್ದಿದ್ದು ದೂರ ಬೀಳತೈತಿ, ದೂರ ಇದ್ದಿದ್ದು ಹತ್ರ. ಎಲ್ಲಾ ಉಲ್ಟಾ ಆದ್ರೂ ಗುಂಡಗಿದ್ದಿದ್ದು ಗುಂಡಗೇ ಉಳಿತೈತ್ರಿ ಸರ. ಕೈವಾರ ಹಿಡೀರಿ, ನೀವೇ ನೋಡ್ರಿ.”

ಇನ್ಸ್‌ಪೆಕ್ಟರು ಕೈವಾರ ತಿರುಗಿಸಿದರು. ಸೀಸದ ಕಡ್ಡಿ ನೆರಳಿನ ಮೇಲೇ ಸುತ್ತು ಹಾಕಿ ಬಂತು. ಅವರು ಗಡಿಯಾರ ನೋಡಿಕೊಂಡರು.

“ಸುಣ್ಣ ಕಲಸಿ ಆಗಿದೆಯಲ್ಲಯ್ಯಾ...”

“ಹಾಳು ಮಾಡೂದಿಲ್ರಿ,” ಎಂದ ಹಾಲಸಿದ್ದಪ್ಪ. “ಉಳದ ಮೂರು ಗ್ವಾಡಿಗೆ ಹೊಡಸ್ತೀನಿ.”