ಲೋವಾ ವಿಮಾನದ ರಾಗ್ನಾ

ಸಾಂದ್‌ಗೆರ್ದಿ ಬಂದರಿನ ಮೀನು ಕಾರ್ಖಾನೆಯಲ್ಲಿ ರಾಗ್ನಾ ನಿಂತಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಕೈ ಮೀನಿನ ಮುಳ್ಳು ಕೀಳುತ್ತಿದ್ದರೆ ಕಾಲು ಕುಣಿಯುತ್ತಿತ್ತು. ಮಾಡಿನ ಮೇಲೆ ವಿಮಾನದ ಸದ್ದಾದರೆ ಚಾಕು ಬಿಟ್ಟು ಕಿಟಕಿಗೆ ಹೋಗುವಳು.

"ಇವಳ ಕಾಲಲ್ಲಿ ಚಕ್ರ ಇದೆ," ಎಂದು ಮೇಲ್ವಿಚಾರಕಿ ಯೋನಾ ಗೊಣಗುತ್ತಿದ್ದಳು.

ಗಂಡ ಐನಾರ್ ಮೀನಿನ ದೋಣಿಯವನು, ವಾರಗಟ್ಟಲೆ ಕಡಲಲ್ಲಿ. ಮನೆಗೆ ಬಂದರೆ ಅವನು ಸೋಫಾ ಬಿಟ್ಟು ಏಳುತ್ತಿರಲಿಲ್ಲ, ಅವಳು ಕೂರುತ್ತಿರಲಿಲ್ಲ.

ಅವಳಿಗೆ ನಲವತ್ತು ದಾಟಿದ ಮೇಲೆ ಲೋವಾ ವಿಮಾನ ಕಂಪನಿ ಶುರುವಾಯಿತು. ಹಾಸಿಗೆ ಅಂಗಡಿಗಳಿಂದ ದೊಡ್ಡವನಾದ, ರಾಜಧಾನಿ ರೇಕ್ಯಾವಿಕ್‌ನ ಸಾಹುಕಾರನೊಬ್ಬ ಹಳದಿ ಬಣ್ಣದ ವಿಮಾನಗಳನ್ನು ಬಾಡಿಗೆಗೆ ತಂದು, ಬಸ್ಸಿನ ದರದಲ್ಲಿ ಅಮೆರಿಕಕ್ಕೆ ಒಯ್ಯುತ್ತೇನೆಂದು ಸಾರಿದ. ಒಳಗೆ ನೀರಿಗೂ ಕಾಸು, ಕಂಬಳಿಗೂ ಕಾಸು. ಆದರೂ ಜನ ಮುಗಿಬಿದ್ದರು. ವಿಮಾನಗಳಿಗೆ ಸಾಕಾಗುವಷ್ಟು ಗಗನಸಖಿಯರು ದೇಶದಲ್ಲೇ ಇರಲಿಲ್ಲ.

ರಾಗ್ನಾ ಅರ್ಜಿ ಹಾಕಿದ್ದು ಗೊತ್ತಾದಾಗ, ಊರ ಬಿಸಿನೀರ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದ್ದ ಹೆಂಗಸರಿಗೆ ನಗಲು ಒಂದು ನೆಪ ಸಿಕ್ಕಿತು. "ಮೀನಿನ ವಾಸನೆಗೆ ಪ್ರಯಾಣಿಕರು ಬಾಗಿಲು ತೆಗೆದು ಹಾರ್ತಾರೆ ಕಣೇ."

"ಹಾರಲಿ ಬಿಡಿ, ತೂಕ ಕಮ್ಮಿ ಆಗುತ್ತೆ," ಎಂದಳು ರಾಗ್ನಾ. ಕೆಲಸ ಸಿಕ್ಕಿತು.

ಬಾಸ್ಟನ್, ಟೊರಾಂಟೊ, ಮರುವರ್ಷ ಲಾಸ್ ಏಂಜಲೀಸ್, ಆಮೇಲೆ ದೆಹಲಿ. ಸೊಂಟ ನೋಯುತ್ತಿತ್ತು, ಮಕ್ಕಳ ವಾಂತಿ ಬಳಿಯಬೇಕಿತ್ತು. ಆದರೆ ಇಡೀ ಭೂಮಿಯಲ್ಲಿ, ನಡೆಯುತ್ತಲೇ ಇರು ಎಂದು ಅವಳಿಗೆ ಹೇಳುವ ಕೆಲಸ ಅದೊಂದೇ. ಪೆಟ್ಟಿಗೆ ಬಿಚ್ಚುವುದನ್ನೇ ಬಿಟ್ಟಳು. ಐನಾರ್ ದಡಕ್ಕೆ ಬಂದ ದಿನ ಅವಳು ಹೊರಟಿರುತ್ತಿದ್ದಳು.

"ನನಗೆ ಹೆಂಡತಿ ಇದಾಳೆ ಅಂತ ಕೇಳಿದೀನಿ," ಎನ್ನುತ್ತಿದ್ದ ಅವನು ಫೋನಿನಲ್ಲಿ.

ಚಳಿಗಾಲದಲ್ಲಿ ದೆಹಲಿ ವಿಮಾನ ಅರ್ಧಕ್ಕರ್ಧ ಖಾಲಿ ಹಾರತೊಡಗಿತು. ಕೆಟ್ಟುಹೋದ ಶೌಚಾಲಯಕ್ಕೆ ರಿಪೇರಿಯಿಲ್ಲದೆ ಬೀಗ ಬಿತ್ತು. ಕಾಫಿಯೂ ಮುಗಿದುಹೋಗುತ್ತಿತ್ತು. ಸಾಹುಕಾರ ಟೀವಿಯಲ್ಲಿ ನಗುತ್ತ, ಇನ್ನಷ್ಟು ಊರುಗಳ ಹೆಸರು ಹೇಳುತ್ತಿದ್ದ.

"ಗಾಳಿ ತಿರುಗಿದೆ ಕಣೇ," ಎಂದ ಐನಾರ್. "ಇಂಥ ಹೊತ್ತಲ್ಲಿ ನಾವು ಬಲೆ ಎತ್ತಿಕೊಂಡು ವಾಪಸ್ ಬರ್ತೀವಿ."

"ನಿಂದು ದೋಣಿ. ನಂದು ಬೇರೆ," ಎಂದಳಾದರೂ ಅಂದಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಟೊರಾಂಟೊದ ಹೋಟೆಲಿನಲ್ಲಿ ಬೆಳಗಿನ ತಿಂಡಿ ತಿನ್ನುವಾಗ ಸುದ್ದಿ ಬಂತು. ಲೋವಾ ಮುಚ್ಚಿದೆ. ವಿಮಾನವನ್ನು ಬಾಡಿಗೆಗೆ ಕೊಟ್ಟ ಮಾಲೀಕರು ಜಪ್ತಿ ಮಾಡಿದ್ದಾರೆ. ಸಿಬ್ಬಂದಿ ಸಮವಸ್ತ್ರದಲ್ಲಿ ಜನರ ಕಣ್ಣಿಗೆ ಬೀಳಬಾರದು.

ಜೊತೆಯ ಹುಡುಗಿ ಬಿರ್ನಾ ಅಳುತ್ತ ಅವಳ ತೋಳು ಹಿಡಿದಳು. "ಹಿಂಬಾಗಿಲಿಂದ ಹೋಗಿಬಿಡೋಣ ರಾಗ್ನಾ. ಏರ್‌ಪೋರ್ಟಿಗೆ ಹೋದ್ರೆ ಜನ ಕೊಂದೇ ಹಾಕ್ತಾರೆ."

"ನೀನು ಕೂತಿರು. ನನ್ನ ಕೈಲಿ ಕೂರಕ್ಕಾಗಲ್ಲ."

ವಿಮಾನ ನಿಲ್ದಾಣದ ಲೋವಾ ಮೇಜಿನ ಹಿಂದೆ ಯಾರೂ ಇರಲಿಲ್ಲ, ಮುಂದೆ ಉದ್ದನೆಯ ಸಾಲು. ರಾಗ್ನಾಳ ಹಳದಿ ಕೋಟು ಕಂಡದ್ದೇ ಎಲ್ಲರೂ ನುಗ್ಗಿದರು. ಅವಳು ಸಾಮಾನು ತೂಗುವ ಕಟ್ಟೆಯ ಮೇಲೆ ಹತ್ತಿ ನಿಂತಳು. "ವಿಮಾನ ಇಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ನಿಮ್ಮನ್ನ ಕರಕೊಂಡು ಹೋಗೋಕೆ ಯಾರೂ ಬರಲ್ಲ. ಬೇರೆ ಟಿಕೆಟ್ ನೋಡ್ಕೊಳ್ಳಿ."

ಒಬ್ಬ ಅವಳ ಮೇಲೆ ಕಾಫಿ ಎರಚಿದ. ಆರಿದ ಕಾಫಿ. ಎದೆಯ ಮೇಲಿಂದ ಅದು ಇಳಿಯುತ್ತಿರಲು ಮತ್ತದೇ ಮಾತನ್ನು ಸಾಲಿನ ಕೊನೆಯವರಿಗೂ ಹೇಳಿದಳು.

ಮೂಲೆಯಲ್ಲಿ ಒಬ್ಬ ಮುದುಕಿ ಗಾಡಿಗೆ ಒರಗಿ ನಿಂತಿದ್ದಳು. "ನಾಳೆ ನನ್ನ ತಂಗಿಯ ಮಣ್ಣು, ಮಗಳೇ. ನಮ್ಮೂರು ಹೂಸಾವಿಕ್‌ನಲ್ಲಿ."

ರಾಗ್ನಾ ಅವಳ ಪೆಟ್ಟಿಗೆ ಎತ್ತಿಕೊಂಡು ಬೇರೆ ಕಂಪನಿಗಳ ಮೇಜಿಂದ ಮೇಜಿಗೆ ನಡೆದಳು. ಕಾಡಿದಳು, ಬೇಡಿದಳು, ಒಂದು ಕಡೆ ಜಗಳವನ್ನೂ ಆಡಿದಳು. ಸಂಜೆಗೆ ಮುದುಕಿಗೊಂದು ಸೀಟು ಸಿಕ್ಕಿತು. ಹೊರಡುವಾಗ ಆಕೆ ಇವಳ ಕೆನ್ನೆ ಸವರಿದಳು. ಆವರೆಗೆ ಗಟ್ಟಿಯಾಗಿದ್ದ ರಾಗ್ನಾ ಆಗ ಅತ್ತಳು.

ಮರುದಿನ ಬೇರೊಂದು ಕಂಪನಿ ಲೋವಾದ ಸಿಬ್ಬಂದಿಯನ್ನು ಪುಕ್ಕಟೆಯಾಗಿ ಊರಿಗೆ ಕರೆತಂದಿತು. ನಡುದಾರಿಯಲ್ಲಿ ರಾಗ್ನಾ ಎದ್ದು ಅಕ್ಕಪಕ್ಕದವರ ಖಾಲಿ ಲೋಟ ಹೆಕ್ಕತೊಡಗಿದಳು. ಆ ವಿಮಾನದ ಗಗನಸಖಿ ಬಂದು ಮೆಲ್ಲಗೆ, "ಅಕ್ಕಾ, ಕೂತ್ಕೊಳ್ಳಿ," ಎಂದಳು.

ಪಕ್ಕದ ವಿಮಾನ ನಿಲ್ದಾಣವನ್ನು ನಂಬಿದ್ದ ಸಾಂದ್‌ಗೆರ್ದಿಯಲ್ಲಿ ಮನೆಗೊಬ್ಬರಂತೆ ಕೆಲಸ ಕಳೆದುಕೊಂಡಿದ್ದರು. ಕೊಳದ ಹೆಂಗಸರು ಈ ಸಲ ನಗಲಿಲ್ಲ. ಜರುಗಿ ಜಾಗ ಕೊಟ್ಟರು. ಯೋನಾ ಮನೆಗೇ ಬಂದಳು. "ನಿನ್ನ ಚಾಕು ಹಾಗೇ ಇದೆ. ಕಾಲು ಮಾತ್ರ ಮನೇಲಿಟ್ಟು ಬಾ."

ಬೇಸಿಗೆ ಕಳೆಯುವವರೆಗೆ ಕಾರ್ಖಾನೆಗೆ ಹೋದಳು. ವಿಮಾನದ ಸದ್ದಾದರೆ ಈಗ ಕಿಟಕಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಚಡಪಡಿಕೆ. ಅದೇ ಸಾಹುಕಾರ ಹೊಸ ಹೆಸರಲ್ಲಿ ಮತ್ತೆ ವಿಮಾನ ತರುತ್ತಾನೆಂದು ಬಿರ್ನಾ ಫೋನು ಮಾಡಿದಾಗ ರಾಗ್ನಾ, "ಇದೂ ಮುಚ್ಚಿದ ದಿನ ಆ ತೂಕದ ಕಟ್ಟೆ ಮೇಲೆ ಅವನೇ ಬಂದು ನಿಲ್ತಾನಾ, ಕೇಳಿ ನೋಡು," ಎಂದಳು. ಬಿರ್ನಾ ಸೇರಿದಳು. ವಿಮಾನ ಮಾತ್ರ ಬರಲೇ ಇಲ್ಲ.

ರಾಗ್ನಾ ಲಾರಿ ಓಡಿಸಲು ಕಲಿತಳು. ಉತ್ತರದ ಬಂದರುಗಳಿಂದ ಮೀನು ತುಂಬಿಕೊಂಡು ಬರುವ ಕೆಲಸ. ಮೊದಲ ಚಳಿಗಾಲದಲ್ಲೇ ಹಿಮ ಬಿದ್ದು ಘಟ್ಟದ ರಸ್ತೆ ಮುಚ್ಚಿತು. ದಡದಲ್ಲಿದ್ದ ಐನಾರ್ ಫೋನು ಮಾಡಿದ. "ಕುರಿಮಾಂಸದ ಸಾರು ಮಾಡಿದೀನಿ. ಎಲ್ಲಿದೀಯ?"

"ಘಟ್ಟದ ಕೆಳಗೆ. ರಸ್ತೆ ತೆರೆದ್ರೆ ಬರ್ತೀನಿ."

"ಗಾಡೀಲಿ ಬೆಚ್ಚಗೆ ಕೂತಿದೀಯ ತಾನೇ?"

"ಹೂಂ," ಎಂದಳು. ಹಿಮ ತೆಗೆಯುವ ಗಾಡಿ ಬಂತೇ ಎಂದು ನೋಡುತ್ತ, ಲಾರಿಯನ್ನು ಸುತ್ತಿ ಸುತ್ತಿ ಅಲ್ಲೊಂದು ಕಾಲುದಾರಿಯನ್ನೇ ಮಾಡಿಬಿಟ್ಟಿದ್ದಳು.