ಹುಲಿಗೆವ್ವನ ಜಗಳ

ಪುಣೆಯ ಖರಾಡಿಯಲ್ಲಿ ಹೊಸ ಕಟ್ಟಡಕ್ಕೆ ಸಿಮೆಂಟು ಹೊರುವ ಯಾದಗಿರಿ ಕಡೆಯ ಹುಲಿಗೆವ್ವ ದೇವರಿಗೆ ಕೈಮುಗಿಯುವವಳಲ್ಲ, ಸೊಂಟಕ್ಕೆ ಕೈಯಿಟ್ಟು ಜಗಳ ತೆಗೆಯುವವಳು. ತಗಡಿನ ಶೆಡ್ಡಿನಲ್ಲಿ ದಿನಾ ರೊಟ್ಟಿ ಬಡಿಯುತ್ತಲೇ ಗೋಡೆಯ ಮೇಲಿನ ಹುಲಿಗೆಮ್ಮ ದೇವಿಯ ಪಟಕ್ಕೆ, "ನಿನ್ನ ಹೆಸರೇ ಇಟ್ಕೊಂಡೀನಿ, ಸ್ವಲ್ಪರೆ ನಾಚಿಕಿ ಅದ ಏನು ನಿನಗ?" ಎಂದು ಗದರುತ್ತಾಳೆ. ಮಳೆ ತಡವಾದರೂ, ನಲ್ಲಿಯ ನೀರು ನಿಂತರೂ ಬೈಗುಳ ಆ ತಾಯಿಗೇ. ಎಲ್ಲಕ್ಕಿಂತ ದೊಡ್ಡ ಸಿಟ್ಟು ಮಗಳು ಅನುಸೂಯಾಳ ಎಡಪಾದದ ಬಗ್ಗೆ; ಅದು ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡಿತ್ತು. "ತಾಯಾದಾಕಿ ಹಿಂಗ ಮಾಡ್ತಾಳೇನು?" ಕಳೆದ ವರ್ಷ ಆಸ್ಪತ್ರೆಯಲ್ಲಿ ಪಾದ ನೇರಮಾಡಲು ವಾರಕ್ಕೊಮ್ಮೆ ಪ್ಲಾಸ್ಟರ್ ಹಾಕಿದರು. ಎರಡು ವರ್ಷದ ಕೂಸು "ಅವ್ವಾ, ಬ್ಯಾಡ" ಎಂದು ಚೀರುವಾಗ ಅದರ ಮೊಣಕಾಲು ಅದುಮಿ ಹಿಡಿದವಳು ಹುಲಿಗೆವ್ವನೇ. ಆಮೇಲೆ ಜಗಳದ ದನಿ ಬದಲಾಯಿತು. "ಅದುಮಿ ಹಿಡಿದಾಕಿ ವೈರಿ ಅಲ್ಲ, ಅದು ತಿಳೀತವ್ವ. ಆದ್ರ ನಾ ಅಳೋದು ನನ್ನ ಕೂಸಿಗೆ ಕಾಣ್ತಿತ್ತು. ನೀ ಅಳ್ತೀಯೋ ಇಲ್ಲೋ ನನಗ ಕಾಣಂಗಿಲ್ಲ. ಅದೊಂದು ಮಾತ್ರ ನಾ ತಾಯಾದ್ರೂ ನನಗ ತಿಳೀಲಿಲ್ಲ" ಎಂದಳು. ಹೀಗೆ ಜಗಳವಾಡುತ್ತಲೇ ಹುಲಿಗೆವ್ವ ಪ್ಲಾಸ್ಟರಿನ ಒಂದು ವಾರವನ್ನೂ ತಪ್ಪಿಸಲಿಲ್ಲ. ಮೊನ್ನೆ ಮಧ್ಯಾಹ್ನ ಶೆಡ್ಡಿನ ಮುಂದೆ ಅನುಸೂಯಾ ಮೊದಲ ಸಲ ಎರಡೂ ಅಂಗಾಲು ಪೂರ್ತಿ ಊರಿ ನಿಂತಳು, ನಾಲ್ಕು ಹೆಜ್ಜೆ ನಡೆದಳು, ಆಮೇಲೆ ಮರಳಿನ ರಾಶಿಯತ್ತ ಓಡಿಯೇಬಿಟ್ಟಳು. ಬಿದ್ದಾಳೆಂದು ಬೆನ್ನಹಿಂದೆ ಧಾವಿಸಿದ ಹುಲಿಗೆವ್ವ ಅರ್ಧದಲ್ಲೇ ನಿಂತು, ತಲೆಯ ಮೇಲಿನ ಬಟ್ಟೆಯ ಸಿಂಬಿ ಕಿತ್ತು ಗಾಳಿಯಲ್ಲಿ ಬೀಸುತ್ತ, ಆರನೇ ಅಂತಸ್ತಿನಲ್ಲಿ ಗೋಡೆ ಕಟ್ಟುವ ಗೌಂಡಿಗಳಿಗೂ ಕೇಳುವಂತೆ ಕೂಗಿದಳು: "ಹಾದಿ ಬಿಡ್ರೀ ಎಲ್ಲಾರೂ, ನನ್ನ ಮಗಳು ಓಡಾಕತ್ತಾಳ!"